ಊರಿನವರೇ ಕಟ್ಟುವ ನಿಸ್ತಂತು ಜಾಲ

ಕಾರ್ತಿಕ ಮಾಸದಲ್ಲಿ ಬೆಟ್ಟದ ಮೇಲಣ ಗುಡಿಯಲ್ಲಿ ಹಚ್ಚಿಟ್ಟ ದೊಡ್ಡ ದೀಪವು ಸುತ್ತಲಿನ ಹಲವು ಊರುಗಳಿಗೆ ಕಾಣಿಸುತ್ತದೆ. ಅದೇ ದೀಪವನ್ನು ಕೆಳಗೆ ತಂದು ಮನೆಯ ಹಿತ್ತಲಲ್ಲಿ ಇಟ್ಟರೆ ಎದುರು ಬೀದಿಯವರಿಗೂ ಕಾಣಿಸದು. ಉರಿಯುವ ಎಣ್ಣೆ ಎರಡು ಕಡೆಯೂ ಅಷ್ಟೇ. ಬದಲಾದುದು ದೀಪವಿರುವ ಜಾಗ ಮಾತ್ರ. ಈ ಸಾಮಾನ್ಯ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಹೆಚ್ಚು ಹಣವಿಲ್ಲದ ಹಳ್ಳಿಯೊಂದು ತನ್ನದೇ ಆದ ಇಂಟರ್‌ನೆಟ್ ಜಾಲವನ್ನು ಹೇಗೆ ಕಟ್ಟಿಕೊಳ್ಳಬಲ್ಲುದೆಂಬುದನ್ನು ಅರಿಯುವುದು ಕಷ್ಟವಾಗದು.

೨೦೨೦ರಲ್ಲಿ ಶಾಲೆ ಕಾಲೇಜುಗಳು ಮುಚ್ಚಿ, ಪಾಠಗಳೆಲ್ಲ ಮೊಬೈಲ್ ಫೋನಿನಲ್ಲಿ ನಡೆದಾಗ, ಮಲೆನಾಡಿನ ಎಷ್ಟೋ ವಿದ್ಯಾರ್ಥಿಗಳು ಗುಡ್ಡದ ತುದಿಗೆ ಹೋಗಿ, ಮಳೆಯಲ್ಲಿ ಕೊಡೆ ಹಿಡಿದು ಕುಳಿತು ಪಾಠ ಕೇಳಿದುದನ್ನು ವಾಚಕರು ಮರೆತಿರಲಾರರು. ಗುಡ್ಡದ ತುದಿಯಲ್ಲಿ ಸಿಕ್ಕುವುದನ್ನು ಮನೆಯ ಬಾಗಿಲಿಗೆ ಇಳಿಸಿ ತರಲಾಗದೆ? ಖಂಡಿತವಾಗಿ ಆಗುತ್ತದೆ. ದೊಡ್ಡ ಕಂಪನಿಗಳು ಗೋಪುರ ನಿಲ್ಲಿಸುವವರೆಗೆ ಕಾಯದೆ, ಊರಿನವರೇ ಕೂಡಿ ಈ ಕೆಲಸವನ್ನು ಮಾಡಿರುವ ನಿದರ್ಶನಗಳು ಜಗತ್ತಿನ ಹಲವು ಕಡೆ ಉಂಟು. ಅವುಗಳಲ್ಲಿ ನಮ್ಮ ನೆರೆಯದು ನೇಪಾಳದ ನಾಂಗಿ ಎಂಬ ಹಳ್ಳಿಯದು.

ನಾಂಗಿಯಲ್ಲಿ ನಡೆದದ್ದು

ನಾಂಗಿ ಇರುವುದು ನೇಪಾಳದ ಪಶ್ಚಿಮ ಭಾಗದ ಮ್ಯಾಗ್ದಿ ಜಿಲ್ಲೆಯ ಪರ್ವತಗಳ ನಡುವೆ. ಅಲ್ಲಿ ಹುಟ್ಟಿ, ಅಮೆರಿಕದಲ್ಲಿ ಪದವಿ ಪಡೆದ ಮಹಾಬೀರ್ ಪುನ್ ಅವರು ೧೯೯೨ರಲ್ಲಿ ಊರಿಗೆ ಹಿಂದಿರುಗಿ, ಹಳ್ಳಿಯ ಶಾಲೆಯನ್ನು ಬೆಳೆಸುವ ಕೆಲಸದಲ್ಲಿ ತೊಡಗಿದರು. ೧೯೯೭ರ ಸುಮಾರಿಗೆ ದಾನವಾಗಿ ಬಂದ ಹಳೆಯ ಬಿಡಿಭಾಗಗಳನ್ನು ಮರದ ಪೆಟ್ಟಿಗೆಗಳಲ್ಲಿ ಜೋಡಿಸಿ ಶಾಲೆಗೆ ಕಂಪ್ಯೂಟರುಗಳನ್ನು ಮಾಡಿಕೊಂಡರು. ಹಳ್ಳದ ನೀರಿನಿಂದ ತಿರುಗುವ ಪುಟ್ಟ ಜನಕಗಳು ಅವಕ್ಕೆ ವಿದ್ಯುತ್ತನ್ನು ಒದಗಿಸಿದುವು. ಕಂಪ್ಯೂಟರೇನೋ ಬಂದಿತು, ಆದರೆ ಊರಿಗೆ ದೂರವಾಣಿಯ ತಂತಿಯೇ ಇರಲಿಲ್ಲ. ತಮಗೆ ಬಂದ ಇ-ಮೇಲ್ ಪತ್ರಗಳನ್ನು ನೋಡಬೇಕಾದರೆ ಅವರು ಬೆಟ್ಟವಿಳಿದು ಪೋಖರಾ ಪಟ್ಟಣಕ್ಕೆ ಹೋಗಬೇಕಾಗಿದ್ದಿತು.

೨೦೦೧ರಲ್ಲಿ ಅವರು ಬಿ.ಬಿ.ಸಿ.ಗೆ ಒಂದು ಪತ್ರ ಬರೆದು, ತಮ್ಮ ಹಳ್ಳಿಯನ್ನು ಇಂಟರ್‌ನೆಟ್ಟಿಗೆ ಜೋಡಿಸುವ ಅಗ್ಗದ ಉಪಾಯವೇನಾದರೂ ಉಂಟೆ ಎಂದು ಕೇಳಿದರು. ಆ ಸುದ್ದಿಯನ್ನು ಓದಿದ ಯೂರೋಪು ಅಮೆರಿಕಗಳ ಕೆಲವು ಉತ್ಸಾಹಿಗಳು ನೆರವಿಗೆ ಬಂದರು. ನಗರಗಳ ಮನೆಗಳಲ್ಲಿ ಬಳಕೆಯಾಗುತ್ತಿದ್ದ ವೈ-ಫೈ ಉಪಕರಣಗಳನ್ನೇ ತಂದು, ದೂರದರ್ಶನದ ತಟ್ಟೆ ಆಂಟೆನಾಗಳಿಗೆ ಹೊಂದಿಸಿ, ಒಂದು ಬೆಟ್ಟದಿಂದ ಇನ್ನೊಂದಕ್ಕೆ ಸಂಕೇತ ಕಳುಹಿಸಿ ನೋಡಿದರು. ಎತ್ತರದ ಮರಗಳೇ ಗೋಪುರಗಳಾದುವು. ೨೦೦೩ರಲ್ಲಿ, ನಡುವಣ ಬೆಟ್ಟವೊಂದರ ಮೇಲೆ ಮರುಪ್ರಸಾರದ ಠಾಣೆಯನ್ನಿಟ್ಟು, ನಾಂಗಿಯನ್ನು ಪೋಖರಾಕ್ಕೆ ಜೋಡಿಸಿದುದಾಯಿತು. ಆಗ ನೇಪಾಳದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದು, ಇಂಥ ಉಪಕರಣಗಳಿಗೆ ನಿರ್ಬಂಧವಿದ್ದಿತು. ಸೈನ್ಯದವರೂ ಬಂಡುಕೋರರೂ ಇಬ್ಬರೂ ಅನುಮಾನದಿಂದ ನೋಡಬಹುದಾದ ಕೆಲಸವದು. ಆ ಅಪಾಯದ ನಡುವೆಯೂ ಜಾಲವು ಹಳ್ಳಿಯಿಂದ ಹಳ್ಳಿಗೆ ಬೆಳೆಯಿತು. ಬೆಟ್ಟದ ರೋಗಿಗಳನ್ನು ಕಾಠ್ಮಂಡುವಿನ ವೈದ್ಯರು ತೆರೆಯ ಮೇಲೆ ನೋಡಿ ಸಲಹೆ ಕೊಡುವಂತಾಯಿತು. ೨೦೦೭ರಲ್ಲಿ ಪುನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.

ಇದು ಕೇಳಲು ಸಾಹಸದ ಕಥೆ. ಆದರೆ ಭೌತಶಾಸ್ತ್ರದ ವಿದ್ಯಾರ್ಥಿಗೆ ಇದರಲ್ಲಿ ಒಂದು ಪ್ರಶ್ನೆ ಹುಟ್ಟಬೇಕು. ಒಂದು ಮನೆಯೊಳಗೆ ಕೋಣೆಯಿಂದ ಕೋಣೆಗೆ ಹೋಗಲು ತಯಾರಾದ ಯಂತ್ರದ ಸಂಕೇತವು ಮೂವತ್ತು ಕಿಲೋಮೀಟರಿಗೂ ಮಿಕ್ಕ ದೂರವನ್ನು ದಾಟಿದ್ದು ಹೇಗೆ?

ದೂರದ ಲೆಕ್ಕ

ವೈ-ಫೈ ಯಂತ್ರವು ಹೊರಡಿಸುವುದು ರೇಡಿಯೋ ಅಲೆಗಳನ್ನು. ಅವು ಬೆಳಕಿನ ಜಾತಿಯವೇ. ವೇಗವೂ ಅದೇ, ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು. ಹೆಚ್ಚಾಗಿ ಬಳಕೆಯಲ್ಲಿರುವ ಆವೃತ್ತಿ ೨.೪ ಗಿಗಾಹರ್ಟ್ಸ್, ಎಂದರೆ ಸೆಕೆಂಡಿಗೆ ೨೪೦ ಕೋಟಿ ಕಂಪನಗಳು. ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ೧೨.೫ ಸೆಂಟಿಮೀಟರು ಎಂದು ಬರುತ್ತದೆ. ಸುಮಾರಾಗಿ ಒಂದು ಗೇಣಿಗಿಂತ ಕಡಮೆ.

ಯಂತ್ರದ ಸಾಮರ್ಥ್ಯ ವಾಟ್‌ನ ಹತ್ತರಲ್ಲೊಂದು ಭಾಗವೆಂದು ಇಟ್ಟುಕೊಳ್ಳೋಣ. ಕೈದೀಪದ ಸಣ್ಣ ಬಲ್ಬಿಗೂ ಇದಕ್ಕಿಂತ ಹೆಚ್ಚು ಶಕ್ತಿ ಬೇಕು. ತಡೆಯಿಲ್ಲದ ಬಯಲಿನಲ್ಲಿ ಇದರ ಸಂಕೇತ ನೂರು ಮೀಟರುಗಳವರೆಗೆ ಚೆನ್ನಾಗಿ ಕೇಳಿಸುತ್ತದೆನ್ನೋಣ. ಮೂವತ್ತು ಕಿಲೋಮೀಟರು ಅದರ ಮುನ್ನೂರರಷ್ಟು ದೂರ. ದೂರ ಇಮ್ಮಡಿಯಾದರೆ ತೀವ್ರತೆ ನಾಲ್ಕರಲ್ಲೊಂದಾಗುತ್ತದೆಂಬ ವರ್ಗವಿಲೋಮ ನಿಯಮವನ್ನು ನಾವೆಲ್ಲರೂ ಕಲಿತಿದ್ದೇವೆ. ಆ ಮೇರೆಗೆ ಅಲ್ಲಿ ತಲಪುವ ಸಂಕೇತವು ೩೦೦ × ೩೦೦, ಅಂದರೆ ೯೦,೦೦೦ ಪಾಲು ದುರ್ಬಲವಾಗಿರುತ್ತದೆ. ಇದನ್ನು ತುಂಬಿಕೊಡಲು ಯಂತ್ರದ ಸಾಮರ್ಥ್ಯವನ್ನೇ ಹೆಚ್ಚಿಸಹೊರಟರೆ ೯,೦೦೦ ವಾಟ್‌ನ ಪ್ರಸಾರಕೇಂದ್ರ ಬೇಕಾದೀತು. ಹಳ್ಳಿಯ ಮಾತು ಹಾಗಿರಲಿ, ಪಟ್ಟಣಕ್ಕೂ ಅದು ನಿಲುಕದು.

ಆದರೆ ಇನ್ನೊಂದು ದಾರಿಯುಂಟು. ಸಾಧಾರಣ ಆಂಟೆನಾ ತನ್ನ ಶಕ್ತಿಯನ್ನು ನಾಲ್ಕು ದಿಕ್ಕುಗಳಿಗೂ ಚೆಲ್ಲುತ್ತದೆ. ನಮಗೆ ಬೇಕಾದುದು ಒಂದೇ ದಿಕ್ಕು. ಕೈದೀಪದ ಬಲ್ಬಿನ ಹಿಂದೆ ಬಾಗಿದ ಕನ್ನಡಿಯಿಟ್ಟು ಬೆಳಕನ್ನು ಮುಂದಕ್ಕೆ ಒಟ್ಟುಗೂಡಿಸುವಂತೆ, ತೊಂಬತ್ತು ಸೆಂಟಿಮೀಟರು ಅಗಲದ ತಟ್ಟೆಯೊಂದರಿಂದ ರೇಡಿಯೋ ಅಲೆಯನ್ನೂ ಒಟ್ಟುಗೂಡಿಸಬಹುದು. ತಟ್ಟೆಯ ಅಂಚಿನ ಸುತ್ತಳತೆ ತರಂಗದೂರದ ಎಷ್ಟರಷ್ಟಿದೆಯೋ ಅದರ ವರ್ಗವೇ ಲಾಭದ ಪ್ರಮಾಣ. ಇಲ್ಲಿ ಅದು ಸುಮಾರು ೫೦೦. ತಟ್ಟೆ ಅರ್ಧದಷ್ಟೇ ದಕ್ಷವೆಂದು ಕಳೆದರೂ ೨೫೦ ಪಾಲು ಉಳಿಯಿತು. ಕಳುಹಿಸುವ ಕಡೆ ಇಂಥದೊಂದು, ಗ್ರಹಿಸುವ ಕಡೆ ಇಂಥದೊಂದು ಇಟ್ಟರೆ ಒಟ್ಟು ಲಾಭ ೨೫೦ × ೨೫೦, ಅಂದರೆ ೬೨,೫೦೦ ಪಾಲು. ದೂರವು ಕಸಿದುಕೊಂಡ ತೊಂಬತ್ತು ಸಾವಿರದಲ್ಲಿ ಬಹುಪಾಲು ಹೀಗೆ ಹಿಂದಕ್ಕೆ ಬಂದಿತು! ತಲಪುವ ಶಕ್ತಿ ಒಂದು ವಾಟ್‌ನ ನೂರು ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಮೆಯೇ. ಆದರೆ ಇಂದಿನ ಗ್ರಾಹಕಗಳು ಅದರ ನೂರರಲ್ಲೊಂದು ಭಾಗವನ್ನೂ ಗುರುತಿಸಬಲ್ಲವು.

ತಟ್ಟೆಯು ಗಟ್ಟಿ ಲೋಹದ್ದೇ ಆಗಬೇಕೆಂದಿಲ್ಲ. ಬಲೆಯ ಕಣ್ಣು ತರಂಗದೂರದ ಹತ್ತರಲ್ಲೊಂದು ಭಾಗಕ್ಕಿಂತ, ಅಂದರೆ ಇಲ್ಲಿ ಒಂದೂಕಾಲು ಸೆಂಟಿಮೀಟರಿಗಿಂತ ಕಿರಿದಾಗಿದ್ದರೆ, ಅಲೆಯ ಮಟ್ಟಿಗೆ ಅದು ತೂತಿಲ್ಲದ ತಗಡೇ. ನಾವು ತರಗತಿಯಲ್ಲಿ ಒಂದು ಕಬ್ಬಿಣದ ಜರಡಿಯ ಮುಂದೆ ವೈ-ಫೈ ಗ್ರಾಹಕವನ್ನು ನಿಲ್ಲಿಸಿ, ಸ್ವಲ್ಪ ಸ್ವಲ್ಪವಾಗಿ ಹಿಂದೆ ಮುಂದೆ ಸರಿಸಿ ವಿದ್ಯಾರ್ಥಿಗಳಿಗೆ ತೋರಿಸುವುದುಂಟು. ಸರಿಯಾದ ಸ್ಥಳ ಸಿಕ್ಕಿದೊಡನೆಯೇ ಮಾಪಕದ ಅಂಕಿ ಏರುತ್ತದೆ. ಬಲೆಯ ತಟ್ಟೆಗೆ ಇನ್ನೊಂದು ಗುಣವೂ ಇದೆ: ಬೆಟ್ಟದ ಮೇಲಿನ ಗಾಳಿ ಅದರೊಳಗಿಂದ ಹಾದುಹೋಗುವುದರಿಂದ ಅದು ಬೇಗ ತಿರುಗಿಬೀಳುವುದಿಲ್ಲ. ಈ ಲಾಭಕ್ಕೆ ಬೆಲೆಯಿಲ್ಲದಿಲ್ಲ. ಕಿರಣದ ಅಗಲ ಹತ್ತು ಡಿಗ್ರಿಗಳಷ್ಟೇ ಉಳಿಯುವುದರಿಂದ, ತಟ್ಟೆ ಕೆಲವೇ ಡಿಗ್ರಿ ಓರೆಯಾದರೂ ಸಂಪರ್ಕ ಕ್ಷೀಣಿಸುತ್ತದೆ.

ಕಣ್ಣಿಗೆ ಕಂಡರೆ ಸಾಲದು

ಮೇಲಿನ ಲೆಕ್ಕವೆಲ್ಲ ನಿಜವಾಗಬೇಕಾದರೆ ಎರಡು ಆಂಟೆನಾಗಳ ನಡುವೆ ಅಡ್ಡಿಯಿರಬಾರದು. ಒಂದರ ಪಕ್ಕದಲ್ಲಿ ನಿಂತರೆ ಇನ್ನೊಂದು ಕಾಣಿಸಬೇಕು. ಆದರೆ ಅಷ್ಟೇ ಸಾಲದು. ರೇಡಿಯೋ ಅಲೆಯು ನೂಲಿನಂತೆ ಒಂದೇ ಗೆರೆಯಲ್ಲಿ ಸಾಗುವುದಿಲ್ಲ. ಆ ಗೆರೆಯ ಸುತ್ತಲೂ ಸೌತೆಕಾಯಿಯ ಆಕಾರದ ಒಂದು ಪ್ರದೇಶವನ್ನು ಬಳಸಿಕೊಳ್ಳುತ್ತದೆ. ಇದಕ್ಕೆ, ಬೆಳಕಿನ ಅಲೆಗಳನ್ನು ಕುರಿತು ಸಂಶೋಧನೆ ಮಾಡಿದ ಫ್ರಾನ್ಸಿನ ವಿಜ್ಞಾನಿಯ ನೆನಪಿನಲ್ಲಿ ಫ್ರೆನೆಲ್ ವಲಯವೆಂದು ಹೆಸರು. ಮೂವತ್ತು ಕಿಲೋಮೀಟರಿನ ಸಂಪರ್ಕದಲ್ಲಿ, ನಟ್ಟನಡುವೆ ಈ ವಲಯದ ತ್ರಿಜ್ಯ ಸುಮಾರು ಮೂವತ್ತೊಂದು ಮೀಟರು. ಅದರಲ್ಲಿ ಹತ್ತಕ್ಕೆ ಆರು ಪಾಲಾದರೂ ತೆರವಾಗಿರಬೇಕು. ಇದರ ಜೊತೆಗೆ, ಭೂಮಿ ದುಂಡಗಿರುವುದರಿಂದ ಅಷ್ಟು ದೂರದ ನಡುವೆ ನೆಲವೇ ಹದಿನೆಂಟು ಮೀಟರಿನಷ್ಟು ಉಬ್ಬಿ ನಿಂತಿರುತ್ತದೆ. ಬಯಲು ಸೀಮೆಯಲ್ಲಿ ಇದಕ್ಕಾಗಿ ಎತ್ತರದ ಗೋಪುರ ಕಟ್ಟಬೇಕು. ಬೆಟ್ಟದ ನಾಡಿನಲ್ಲಿ ಪ್ರಕೃತಿಯೇ ಅದನ್ನು ಕಟ್ಟಿಟ್ಟಿದೆ. ವೆನೆಝುವೆಲಾದಲ್ಲಿ ೨೦೦೭ರಲ್ಲಿ ಎರ್ಮಾನ್ನೊ ಪಿಯೆತ್ರೊಸೆಮೊಲಿ ಮತ್ತು ಅವರ ಸಂಗಡಿಗರು ಎರಡು ಎತ್ತರದ ಬೆಟ್ಟಗಳ ನಡುವೆ ೩೮೨ ಕಿಲೋಮೀಟರು ದೂರ ವೈ-ಫೈ ಸಂಕೇತವನ್ನು ಕಳುಹಿಸಿದುದು ಇದೇ ಅನುಕೂಲದಿಂದ.

ಈ ಪಾಠವನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ. ಒಮ್ಮೆ ಫೆಬ್ರವರಿ ತಿಂಗಳಲ್ಲಿ ವಿದ್ಯಾರ್ಥಿಗಳೊಡನೆ ಕಾಲೇಜಿನ ಮಾಳಿಗೆಯಿಂದ ಎರಡು ಕಿಲೋಮೀಟರು ದೂರದ ವಿದ್ಯಾರ್ಥಿನಿಲಯಕ್ಕೆ ಇಂಥದೊಂದು ಸಂಪರ್ಕವನ್ನು ಏರ್ಪಡಿಸಿದೆವು. ಎಲ್ಲವೂ ಸರಿಯಾಗಿ ನಡೆಯಿತು. ಏಪ್ರಿಲ್ ಬರುವ ಹೊತ್ತಿಗೆ ಸಂಕೇತ ದಿನದಿಂದ ದಿನಕ್ಕೆ ಕುಗ್ಗಿತು; ಮೊದಲ ಮಳೆ ಬಿದ್ದ ದಿನ ನಿಂತೇಹೋಯಿತು. ಯಂತ್ರವನ್ನು ಎರಡು ಸಲ ಬಿಚ್ಚಿ ಜೋಡಿಸಿದ ಮೇಲೆ ಒಬ್ಬ ವಿದ್ಯಾರ್ಥಿ ನಡುದಾರಿಯ ಅರಳಿಯ ಮರವನ್ನು ತೋರಿಸಿದನು. ನಾವು ಆಂಟೆನಾ ನಿಲ್ಲಿಸಿದಾಗ ಅದು ಎಲೆಯುದುರಿಸಿ ಬರಿದಾಗಿದ್ದಿತು. ಈಗ ತುಂಬ ಚಿಗುರಿದ್ದಿತು. ನೀರು ಈ ಅಲೆಗಳನ್ನು ಹೀರುತ್ತದೆ, ಹಸಿ ಎಲೆಯೆಂದರೆ ಬಹುಪಾಲು ನೀರೇ. ಆಂಟೆನಾವನ್ನು ಮಾಳಿಗೆಯ ಇನ್ನೊಂದು ಮೂಲೆಗೆ ಸರಿಸಿದುದರಿಂದ ಸಂಪರ್ಕ ಮರಳಿ ಬಂದಿತು.

ಮಾರುತ್ತರಕ್ಕೆ ಕಾಯುವ ಯಂತ್ರ

ದೂರವನ್ನು ದಾಟಿದ ಮೇಲೆ ಕಾಲದ ತೊಡಕು ಬರುತ್ತದೆ. ವೈ-ಫೈ ಯಂತ್ರವು ಮಾಹಿತಿಯನ್ನು ಚಿಕ್ಕ ಚಿಕ್ಕ ಕಟ್ಟುಗಳಾಗಿ ಕಳುಹಿಸುತ್ತದೆ. ಪ್ರತಿಯೊಂದು ಕಟ್ಟಿಗೂ ಎದುರಿನ ಯಂತ್ರ “ಬಂದು ಸೇರಿತು” ಎಂದು ಮಾರುತ್ತರ ಕೊಡಬೇಕು. ಕೊಂಚ ಕಾಲದಲ್ಲಿ ಮಾರುತ್ತರ ಬಾರದಿದ್ದರೆ, ಕಟ್ಟು ಕಳೆದುಹೋಯಿತೆಂದು ತಿಳಿದು ಯಂತ್ರವು ಅದನ್ನೇ ಮತ್ತೆ ಕಳುಹಿಸುತ್ತದೆ. ಮನೆಯೊಳಗಿನ ಬಳಕೆಗೆ ಈ ಕಾಯುವ ಅವಧಿಯನ್ನು ಮೈಕ್ರೋಸೆಕೆಂಡುಗಳ ಕೆಲವು ಹತ್ತುಗಳಿಗೆ ಗೊತ್ತುಮಾಡಿರುತ್ತಾರೆ. ಮೈಕ್ರೋಸೆಕೆಂಡೆಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ. ಅಷ್ಟರಲ್ಲಿ ಅಲೆಯು ಮುನ್ನೂರು ಮೀಟರು ಸಾಗುತ್ತದೆ. ಮೂವತ್ತು ಕಿಲೋಮೀಟರು ಹೋಗಲು ನೂರು, ಮಾರುತ್ತರ ಬರಲು ಮತ್ತೆ ನೂರು ಮೈಕ್ರೋಸೆಕೆಂಡುಗಳು ಬೇಕು. ಆದುದರಿಂದ ಯಂತ್ರವನ್ನು ಹಾಗೆಯೇ ಬಿಟ್ಟರೆ, ಸರಿಯಾಗಿ ತಲಪಿದ ಮಾತನ್ನೇ ಅದು ಮತ್ತೆ ಮತ್ತೆ ಹೇಳುತ್ತ ಕೂರುತ್ತದೆ. ಯಂತ್ರದ ತಂತ್ರಾಂಶದಲ್ಲಿ ದೂರ ಎಷ್ಟೆಂದು ತಿಳಿಸಿ ಈ ಅವಧಿಯನ್ನು ಹೆಚ್ಚಿಸಬೇಕು. ಇದಕ್ಕೆ ತಗಲುವ ಖರ್ಚು ಏನೂ ಇಲ್ಲ, ತಿಳಿವಳಿಕೆ ಮಾತ್ರ ಬೇಕು.

ಬೆಟ್ಟದ ಮೇಲಿನ ಮರುಪ್ರಸಾರದ ಠಾಣೆಯಲ್ಲಿಯೂ ಇಂಥದೇ ಎಚ್ಚರಿಕೆ ಅಗತ್ಯ. ಅಲ್ಲಿ ಒಂದೇ ರೇಡಿಯೋ ಇದ್ದರೆ ಅದು ಕೇಳುವಾಗ ಮಾತನಾಡಲಾರದು, ಮಾತನಾಡುವಾಗ ಕೇಳಲಾರದು. ಜಾಲದ ವೇಗ ಅರ್ಧಕ್ಕಿಳಿಯುತ್ತದೆ. ಅಂಥ ಠಾಣೆಗಳು ಎರಡಾದರೆ ವೇಗ ಇನ್ನಷ್ಟು ಕುಸಿಯುತ್ತದೆ. ಪಟ್ಟಣದ ಕಡೆಗೊಂದು, ಹಳ್ಳಿಯ ಕಡೆಗೊಂದು, ಹೀಗೆ ಬೇರೆ ಬೇರೆ ಆವೃತ್ತಿಯ ಎರಡು ರೇಡಿಯೋಗಳನ್ನಿಡುವುದೇ ಲೇಸು.

ಒಂದು ಕಾಲುವೆ, ಹಲವು ಗದ್ದೆ

ಹೀಗೆ ತಂದ ಸಂಪರ್ಕವನ್ನು ಹಂಚಿಕೊಳ್ಳುವುದು ಕಾಲುವೆಯ ನೀರನ್ನು ಹಂಚಿಕೊಂಡಂತೆ. ಊರಿಗೆ ಸೆಕೆಂಡಿಗೆ ೧೦೦ ಮೆಗಾಬಿಟ್ ಹರಿಯುವ ಸಂಪರ್ಕವಿದೆ, ಮನೆಗಳು ನಲವತ್ತು ಎಂದಿಟ್ಟುಕೊಳ್ಳೋಣ. ಎಲ್ಲರೂ ಒಮ್ಮೆಗೇ ಬಳಸಿದರೆ ತಲಾ ಎರಡೂವರೆ ಮೆಗಾಬಿಟ್ ಬಂದೀತು. ತೆರೆಯ ಮೇಲೆ ಒಂದು ಪಾಠ ನೋಡಲು ಅಷ್ಟು ಸಾಕು. ಒಂದು ಹೊತ್ತಿನಲ್ಲಿ ಐದರಲ್ಲೊಂದು ಪಾಲು ಮನೆಗಳಷ್ಟೇ ಬಳಸುತ್ತವೆಂದರೆ ತಲಾ ಹನ್ನೆರಡೂವರೆ. ಆದರೆ ಒಬ್ಬಾತ ಸಂಜೆಯೆಲ್ಲ ಚಲನಚಿತ್ರಗಳನ್ನು ಇಳಿಸಿಕೊಳ್ಳುತ್ತ ಕುಳಿತರೆ, ಮೇಲಿನ ಗದ್ದೆಯವನು ಮಡೆ ಕಟ್ಟಿದಂತೆ, ಉಳಿದವರಿಗೆ ಹನಿಯೂ ಸಿಕ್ಕದು. ಪ್ರತಿ ಮನೆಗೂ ಸಮಪಾಲು ಸರದಿಯನ್ನು ರೂಟರಿನಲ್ಲಿಯೇ ಗೊತ್ತುಮಾಡಿ ಇದನ್ನು ತಪ್ಪಿಸಬಹುದು. ಎಲ್ಲರಿಗೂ ಬೇಕಾಗುವ ಪಾಠಗಳು, ಕನ್ನಡ ವಿಕಿಪೀಡಿಯದಂಥ ವಿಶ್ವಕೋಶ, ಇವುಗಳ ಪ್ರತಿಯನ್ನು ಊರಿನ ಶಾಲೆಯ ಕಂಪ್ಯೂಟರಿನಲ್ಲಿಯೇ ಇಟ್ಟರೆ ಕಾಲುವೆಯ ನೀರು ಖರ್ಚಾಗುವುದೇ ಇಲ್ಲ. ಹೊರಗಿನ ಸಂಪರ್ಕ ಕಡಿದ ದಿನವೂ ಮಕ್ಕಳ ಓದು ನಿಲ್ಲದು.

ಬೆಟ್ಟದ ತುದಿಯ ವಿದ್ಯುತ್ತು

ಇಷ್ಟರವರೆಗೆ ಅಲೆಗಳ ಮಾತಾಯಿತು. ಆದರೆ ಜಾಲಗಳು ನಿಜವಾಗಿ ಕೆಟ್ಟು ನಿಲ್ಲುವುದು ಹೆಚ್ಚಾಗಿ ಅಲೆಗಳಿಂದಲ್ಲ. ತಮಿಳುನಾಡಿನ ತೇಣಿಯಲ್ಲಿ ಅರವಿಂದ ಕಣ್ಣಾಸ್ಪತ್ರೆಯವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿಯ ಸಂಶೋಧಕರೊಡನೆ ಕೂಡಿ, ಸುತ್ತಲಿನ ಊರುಗಳ ನೇತ್ರಕೇಂದ್ರಗಳನ್ನು ಇಂಥದೇ ಜಾಲದಿಂದ ಜೋಡಿಸಿದರು. ಹಳ್ಳಿಯ ರೋಗಿ ಪಟ್ಟಣಕ್ಕೆ ಹೋಗದೆಯೇ ವೈದ್ಯರಿಗೆ ಕಣ್ಣು ತೋರಿಸುವುದು ಇದರಿಂದ ಸಾಧ್ಯವಾಯಿತು. ಈ ಸಂಶೋಧಕರು ಹಲವು ವರ್ಷಗಳ ಅನುಭವವನ್ನು ೨೦೦೮ರಲ್ಲಿ ಪ್ರಕಟಿಸಿದಾಗ, ಉಪಕರಣಗಳನ್ನು ಕೆಡಿಸುವುದರಲ್ಲಿ ವಿದ್ಯುತ್ತಿನ ಏರಿಳಿತಗಳದು ದೊಡ್ಡ ಪಾಲೆಂದೂ, ಸ್ಥಳೀಯರಿಗೆ ದುರಸ್ತಿಯ ಅರಿವು ಇರಬೇಕಾದುದು ಅತ್ಯವಶ್ಯಕವೆಂದೂ ತಿಳಿಸಿದರು.

ಒಂದು ಠಾಣೆಯ ಲೆಕ್ಕವನ್ನು ನಾವೇ ಮಾಡಿ ನೋಡೋಣ. ರೇಡಿಯೋಗಳೆರಡೂ ಸೇರಿ ಹತ್ತು ವಾಟ್ ಬಳಸಿದರೆ ದಿನಕ್ಕೆ ೨೪೦ ವಾಟ್-ಗಂಟೆ. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಇದು ೨೦ ಆಂಪಿಯರ್-ಗಂಟೆ. ಮಳೆಗಾಲದಲ್ಲಿ ಮೂರು ದಿನ ಬಿಸಿಲಿಲ್ಲದಿದ್ದರೆ ೬೦. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದು ಬೇಗ ಸಾಯುವುದರಿಂದ ೧೨೦ ಆಂಪಿಯರ್-ಗಂಟೆಯದನ್ನೇ ಕೊಳ್ಳಬೇಕು. ದಿನಕ್ಕೆ ನಾಲ್ಕು ಗಂಟೆಗಳ ಪೂರ್ಣ ಬಿಸಿಲೆಂದು ಎಣಿಸಿದರೆ ೬೦ ವಾಟ್‌ನ ಸೌರಫಲಕ. ಸೋರಿಹೋಗುವುದನ್ನೂ ಸೇರಿಸಿದರೆ ನೂರು ವಾಟ್‌ನದು ಬೇಕು. ಹೀಗೆ ಹತ್ತು ವಾಟ್‌ನ ಯಂತ್ರಕ್ಕೆ, ಒಬ್ಬ ಆಳು ಕಷ್ಟದಿಂದ ಹೊರಬೇಕಾದಷ್ಟು ತೂಕದ ಬ್ಯಾಟರಿ. ಎತ್ತರದ ತಾಣವಾದುದರಿಂದ ಸಿಡಿಲಿಗೆ ಸಿಕ್ಕುವ ಭಯವೂ ಉಂಟು; ಕಂಬಕ್ಕೆ ದಪ್ಪ ತಾಮ್ರದ ತಂತಿ ಕಟ್ಟಿ ತೇವದ ನೆಲಕ್ಕೆ ಅರ್ಥಿಂಗ್ ಮಾಡದೆ ಒಂದು ದಿನವೂ ಬಿಡಬಾರದು.

ಕಾಯಿದೆಯ ಮಾತು

ನಮ್ಮ ದೇಶದಲ್ಲಿ ೨.೪ ಗಿಗಾಹರ್ಟ್ಸ್ ಆವೃತ್ತಿಯ ಪಟ್ಟಿಯನ್ನು ೨೦೦೫ರಿಂದ ಪರವಾನಗಿಯಿಲ್ಲದೆ ಬಳಸಬಹುದಾಗಿದೆ. ಆದರೆ ಇದಕ್ಕೆ ಮಿತಿಯುಂಟು: ತಟ್ಟೆಯ ಲಾಭವನ್ನೂ ಸೇರಿಸಿ ಹೊರಹೊಮ್ಮುವ ಶಕ್ತಿ ನಾಲ್ಕು ವಾಟ್‌ಗೆ ಸಮನಾದುದನ್ನು ಮೀರಬಾರದು. ನಮ್ಮ ಲೆಕ್ಕದ ತಟ್ಟೆ ವಾಟ್‌ನ ಹತ್ತರಲ್ಲೊಂದನ್ನು ೨೫೦ ಪಾಲು ಮಾಡಿ ೨೫ ವಾಟ್‌ಗೆ ಸಮನಾಗಿಸುತ್ತದೆ. ಆದುದರಿಂದ ಇಲ್ಲಿ ಯಂತ್ರದ ಸಾಮರ್ಥ್ಯವನ್ನು ಆರರಲ್ಲೊಂದಕ್ಕಿಂತಲೂ ಕಡಮೆ ಮಾಡಬೇಕು. ಗ್ರಹಿಸುವ ತಟ್ಟೆಗೆ ಈ ಮಿತಿಯಿಲ್ಲದ ಕಾರಣ ಸಂಪರ್ಕ ಆಗಲೂ ಉಳಿಯುತ್ತದೆ. ಇನ್ನೊಂದು ಮಾತು: ಮನೆಬಳಕೆಗೆ ಪಡೆದ ಇಂಟರ್‌ನೆಟ್ಟನ್ನು ಹಣ ಪಡೆದು ಊರಿಗೆ ಹಂಚುವಂತಿಲ್ಲ. ೨೦೨೦ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಪಿ.ಎಂ.-ವಾಣಿ ಯೋಜನೆಯ ಮೇರೆಗೆ, ಸಣ್ಣ ಅಂಗಡಿಯವರೂ ಪರವಾನಗಿಯಿಲ್ಲದೆ ಸಾರ್ವಜನಿಕ ವೈ-ಫೈ ಒದಗಿಸಬಹುದು. ಊರಿನ ಜಾಲ ಕಟ್ಟಬಯಸುವವರು ಈ ದಾರಿಯನ್ನೋ, ಪರವಾನಗಿಯುಳ್ಳ ಸಂಸ್ಥೆಯ ಜೊತೆಯನ್ನೋ ಹಿಡಿಯಬೇಕು.

ಬೆಟ್ಟ ಹತ್ತುವವರು ಯಾರು?

ಇಲ್ಲಿಯವರೆಗೆ ಕಂಡುದನ್ನು ಒಟ್ಟಿಗೆ ಇಟ್ಟು ನೋಡೋಣ. ಸಾಮರ್ಥ್ಯದ ಕೊರತೆಯನ್ನು ದಿಕ್ಕು ತುಂಬಿತು. ಗೋಪುರದ ಕೊರತೆಯನ್ನು ಬೆಟ್ಟ ತುಂಬಿತು. ಬೆಲೆಬಾಳುವ ಯಂತ್ರದ ಬದಲು ಅಗ್ಗದ ಯಂತ್ರದ ಗಡಿಯಾರವನ್ನು ತಿದ್ದಿದುದಾಯಿತು. ಹಣವಿಲ್ಲದೆಡೆಯಲ್ಲಿ ತಿಳಿವಳಿಕೆ ಅದರ ಕೆಲಸವನ್ನು ಬಹಳ ಮಟ್ಟಿಗೆ ಮಾಡಬಲ್ಲುದು. ಆದರೆ ಒಂದು ಕೆಲಸಕ್ಕೆ ಬದಲಿಯಿಲ್ಲ. ಬ್ಯಾಟರಿಯ ನೀರನ್ನು ಯಾರಾದರೂ ನೋಡಬೇಕು, ಗಾಳಿಗೆ ತಿರುಗಿದ ತಟ್ಟೆಯನ್ನು ಯಾರಾದರೂ ಸರಿಪಡಿಸಬೇಕು, ತಿಂಗಳ ವಂತಿಗೆಯನ್ನು ಯಾರಾದರೂ ಕೂಡಿಸಬೇಕು. ಬ್ಯಾಟರಿ ನಾಲ್ಕು ವರ್ಷ ಬಾಳುವುದೆಂದು ಎಣಿಸಿದರೆ, ಅದರ ಬೆಲೆಯನ್ನು ನಲವತ್ತೆಂಟು ಭಾಗ ಮಾಡಿ ಮೊದಲ ತಿಂಗಳಿನಿಂದಲೇ ಕೂಡಿಡಬೇಕು. ಹಾಗೆ ಮಾಡದ ಜಾಲಗಳು ಬ್ಯಾಟರಿ ಸತ್ತ ದಿನವೇ ತಾವೂ ನಿಲ್ಲುತ್ತವೆ. ದಾನಿಗಳು ಎರಡನೆಯ ಸಲ ಬರುವುದು ಅಪರೂಪ.

ನಾಂಗಿಯವರು ಹೊರಗಿನಿಂದ ಬಂದವರ ನೆರವನ್ನು ಪಡೆದರು ನಿಜ. ಆದರೆ ಬಂದವರು ತಮ್ಮ ತಮ್ಮ ದೇಶಗಳಿಗೆ ಹಿಂದಿರುಗಿದ ಮೇಲೆ ಮರ ಹತ್ತಿ ಆಂಟೆನಾ ತಿರುಗಿಸಿದವರು ಅಲ್ಲಿಯ ಹುಡುಗರೇ. ಅವರಿಗೆ ಕೆಲಸ ಕಲಿಸಿದುದರಿಂದಲೇ ಜಾಲ ಉಳಿಯಿತು, ಬೆಳೆಯಿತು. ನಮ್ಮ ವಾಚಕರಲ್ಲಿ ಮಲೆನಾಡಿನ ವಿದ್ಯಾರ್ಥಿಗಳು ಹಲವರಿರಬಹುದು. ರಜೆಗೆ ಊರಿಗೆ ಹೋದಾಗ ಅವರು ಒಮ್ಮೆ ಸುತ್ತಲಿನ ಗುಡ್ಡಗಳನ್ನು ಏರಿ, ಎಲ್ಲಿಂದ ಯಾವ ಊರು ಕಾಣಿಸುತ್ತದೆ, ನಡುವೆ ಯಾವ ಮರವಿದೆ, ಅದು ಯಾವ ತಿಂಗಳಲ್ಲಿ ಎಲೆಯುದುರಿಸುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಲಿ. ಜಾಲದ ಮೊದಲ ನಕ್ಷೆ ಅದೇ. ಅದಕ್ಕೆ ಒಂದು ಪುಸ್ತಕವೂ ಒಂದು ಪೆನ್ಸಿಲೂ ಸಾಕು.